ಸುದ್ದಿ ಮುಟ್ಟುವಷ್ಟು ಹತ್ತಿರ

ಊರು ಬಿಟ್ಟು ಊರಿಗೆ ಹೋಗಿ ಬಾಳುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ನನ್ನ ಅಮ್ಮ ಮಧುಗಿರಿ ಕಡೆಯವಳು. ಮದುವೆಯಾಗಿ ಶಿರಾ ಹತ್ತಿರದ ನಮ್ಮೂರಿಗೆ ಬಂದು 40 ವರ್ಷ ದಾಟಿದೆ. ಇವತ್ತಿಗೂ ಊರವರ ಬಾಯಲ್ಲಿ ಅವಳು 'ಮಧುಗಿರಿಯಮ್ಮ'. ಚಿಕ್ಕವಳಿದ್ದಾಗ ನನಗೆ ಅದು ಬರೀ ಒಂದು ಹೆಸರಾಗಿತ್ತು. ಆ ಹೆಸರಿನೊಳಗೆ ಏನಿದೆ ಅಂತ ನಾನು ಯೋಚನೆ ಮಾಡಿದ್ದು ನನ್ನ 34ನೇ ವಯಸ್ಸಿನಲ್ಲಿ, ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿಯಲ್ಲಿ ಕೂತು.

2018ರ ಆಗಸ್ಟ್‌ನಿಂದ 2019ರ ಜುಲೈವರೆಗೆ ಸ್ವಯಂಸೇವಕಿಯಾಗಿ ಅಲ್ಲಿದ್ದೆ. ರಾಜಧಾನಿ ಲಿಲಾಂಗ್ವೆಯಿಂದ ದಕ್ಷಿಣದ ಬ್ಲಾಂಟೈರ್‌ಗೆ ಹೋಗುವ ಹೆದ್ದಾರಿಯಲ್ಲಿ ನಡುವೆ ನ್ಚೇವು ಅನ್ನುವ ಜಿಲ್ಲೆ ಸಿಗುತ್ತದೆ. ಅಲ್ಲಿ ಕೆಲವು ಕಡೆ ರಸ್ತೆಯ ಒಂದು ಬದಿ ಮಲಾವಿ, ಇನ್ನೊಂದು ಬದಿ ಮೊಜಾಂಬಿಕ್. ಹೆದ್ದಾರಿ ಬಿಟ್ಟು ಪೂರ್ವಕ್ಕೆ ಇಳಿದರೆ ಲಿವುಲೇಜಿ ಕಣಿವೆ. ನಾನಿದ್ದ ಊರು ಆ ಕಡೆ. ಬಾಡಿಗೆ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂತು ಮುಕ್ಕಾಲು ಗಂಟೆ ಹೋಗಬೇಕು. ಕಬಾಜಾ ಅನ್ನುತ್ತಾರೆ ಅದಕ್ಕೆ.

ನಾನು ಹೋಗಿದ್ದು ಕೈಪಂಪಿನ ಕೆಲಸಕ್ಕೆ. ನಮ್ಮ ಹಳ್ಳಿಗಳಲ್ಲಿ ಶಾಲೆ ಮುಂದೆ, ಗುಡಿ ಹಿಂದೆ ಇರುತ್ತಿತ್ತಲ್ಲ, ಒಳಗೆ ಸರಪಳಿ, ಹೊರಗೆ ಉದ್ದ ಕಬ್ಬಿಣದ ಹಿಡಿ, ಎರಡು ಕೈಯಲ್ಲಿ ಒತ್ತುವ ಬೋರು? ಅದರ ಹೆಸರು ಇಂಡಿಯಾ ಮಾರ್ಕ್ 2. ಸೊಲ್ಲಾಪುರದ ಕಡೆ ಹುಟ್ಟಿದ ಒಂದು ಪಂಪನ್ನು ತಿದ್ದಿ, 1970ರ ದಶಕದಲ್ಲಿ ನಮ್ಮ ಸರ್ಕಾರ ಮತ್ತು ಯುನಿಸೆಫ್ ಸೇರಿ ರೂಪಿಸಿದ್ದು. ತುಂಬಾ ಗಟ್ಟಿ. ಆದರೆ ಒಳಗಿನ ವಾಷರ್ ಸವೆದರೆ ಕಬ್ಬಿಣದ ಪೈಪನ್ನು ಪೂರ್ತಿ ಮೇಲೆತ್ತಬೇಕು. ಪಂಚಾಯ್ತಿಗೆ ಹೇಳಿ, ತಾಲ್ಲೂಕಿನಿಂದ ಗಾಡಿ ಬಂದು, ನಾಲ್ಕೈದು ಜನ ಸೇರಿ ಎತ್ತುವಷ್ಟರಲ್ಲಿ ತಿಂಗಳು ಕಳೆದಿರುತ್ತಿತ್ತು. ಅಷ್ಟು ದಿನ ಅಮ್ಮ ತೋಟದ ಬಾವಿಯಿಂದ ನೀರು ಹೊರುತ್ತಿದ್ದಳು.

1980ರ ದಶಕದ ಶುರುವಿನಲ್ಲಿ ಮಲಾವಿಯಲ್ಲಿ ಕೆಲಸ ಮಾಡುತ್ತಿದ್ದವರು ಇದನ್ನೇ ಬೇರೆ ಥರ ನೋಡಿದರು. ಹೊರಗಿನಿಂದ ಗಾಡಿ ಬರುವ ತನಕ ಊರು ಯಾಕೆ ಕಾಯಬೇಕು? ಊರಿನ ಹೆಂಗಸರೇ ಬಿಚ್ಚಿ ಜೋಡಿಸುವಂಥ ಪಂಪು ಯಾಕಿರಬಾರದು? ಹಾಗೆ ಹುಟ್ಟಿದ್ದು ಮಾಲ್ಡೆವ್. ಅದೇ ಮುಂದೆ ಕೀನ್ಯಾದಲ್ಲಿ ಬೆಳೆದು ಆಫ್ರಿಡೆವ್ ಆಯಿತು. ಇದರ ಪ್ಲಾಸ್ಟಿಕ್ ಪೈಪು ನೆಲದೊಳಗೇ ಇರುತ್ತದೆ. ಹಿಡಿಯಿಂದ ಕೆಳಗಿಳಿಯುವ ರಾಡುಗಳು ಮತ್ತು ಅವುಗಳ ತುದಿಯಲ್ಲಿ ನೀರೆತ್ತುವ ಪ್ಲಂಜರ್ ಮಾತ್ರ ಮೇಲೆ ಬರುತ್ತವೆ. ಕೊಕ್ಕೆಗೆ ಕಣ್ಣು ಸಿಕ್ಕಿಸಿದಂತೆ ಒಂದಕ್ಕೊಂದು ಜೋಡಿಸುವ ರಾಡುಗಳು. ಬಿಚ್ಚಲು ಒಂದು ಸ್ಪ್ಯಾನರ್ ಸಾಕು. ಲಿವುಲೇಜಿ ಕಣಿವೆ ಆ ಮೊದಲ ಪ್ರಯೋಗಗಳು ನಡೆದ ಜಾಗಗಳಲ್ಲಿ ಒಂದು. ಎಂಥ ಜಾಗಕ್ಕೆ ಬಂದೆ ಅಂತ ನನಗೆ ಒಳಗೊಳಗೇ ಖುಷಿ.

ಪಂಪು ಎಷ್ಟು ಸುಲಭದ್ದಾದರೂ ಸವೆಯುವ ಭಾಗ ಸವೆಯುತ್ತದೆ. ಪ್ಲಂಜರಿನ ರಬ್ಬರ್ ಸೀಲನ್ನು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅದಕ್ಕೆ ದುಡ್ಡು ಕೂಡಿಡಬೇಕು, ಬಿಡಿಭಾಗ ಸಿಗಬೇಕು, ಬಿಚ್ಚಲು ಗೊತ್ತಿರುವವರು ಇರಬೇಕು. ಇವು ಮೂರೂ ಒಟ್ಟಿಗೆ ಇಲ್ಲದೆ ಪಂಪುಗಳು ನಿಂತುಬಿಡುತ್ತವೆ. 2009ರ ಒಂದು ಅಂದಾಜಿನ ಪ್ರಕಾರ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಸುಮಾರು ಮೂರರಲ್ಲಿ ಒಂದು ಕೈಪಂಪು ಕೆಟ್ಟು ನಿಂತಿತ್ತು. ಸುತ್ತಲಿನ ಹಳ್ಳಿಗಳ ನೀರಿನ ಸಮಿತಿಗಳಿಗೆ, ಅದರಲ್ಲೂ ಹೆಂಗಸರಿಗೆ, ಈ ಕೆಲಸ ಹೇಳಿಕೊಡುವುದು ನನ್ನ ಪಾಲಿಗೆ ಬಂದಿತ್ತು.

ಮೊದಲ ದಿನ ಊರಿನ ಮುಖ್ಯಸ್ಥರ ಮುಂದೆ ಕೂರಿಸಿದರು. ಮ್ಫುಮು ಅನ್ನುತ್ತಾರೆ ಅವರನ್ನು. ಅವರು ಒಂದು ಗಾದೆ ಹೇಳಿದರು. "ಮ್ಲೆಂಡೊ ಅಮಾಜಾ ನ್ಡಿ ಕಲುಮೊ ಕಾಕುತ್ವಾ." ನೆಂಟ ಬರುವಾಗ ಹರಿತವಾದ ಕತ್ತಿ ತರುತ್ತಾನೆ ಅಂತ. ಊರವರಿಂದ ಆಗದ ಕೆಲಸ ಕೆಲವೊಮ್ಮೆ ಹೊಸಬರಿಂದ ಆಗುತ್ತದೆ ಅನ್ನುವ ಅರ್ಥ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಚೀಲದಲ್ಲಿ ನಿಜವಾಗಿಯೂ ಹೊಸ ಸ್ಪ್ಯಾನರ್ ಇತ್ತು. ನನ್ನನ್ನೇ ನೋಡಿ ಮಾಡಿದ ಗಾದೆ ಅನ್ನಿಸಿತು.

ನಾನಿದ್ದ ಮನೆ ಒಬ್ಬ ಅಜ್ಜಿಯದು. ಅಲ್ಲಿ ಅಜ್ಜಿ, ತಾತ ಇಬ್ಬರಿಗೂ 'ಅಗೋಗೊ' ಅನ್ನುತ್ತಾರೆ. ಸಂಬಂಧ ಇರಲಿ ಬಿಡಲಿ, ವಯಸ್ಸಾದವರೆಲ್ಲ ಅಗೋಗೊ, ಅಮ್ಮನ ವಯಸ್ಸಿನವರೆಲ್ಲ ಅಮಾಯಿ. ನಾವು ದಾರಿಯಲ್ಲಿ ಸಿಕ್ಕವರನ್ನು ಅಕ್ಕ, ಅಜ್ಜಿ ಅನ್ನುವ ಹಾಗೇ. ಅವರ ಭಾಷೆ ಚಿಚೇವಾ. ನನಗೆ ಅದು ಬೇಗ ಹಿಡಿಸಿದ್ದು ಒಂದು ಕಾರಣಕ್ಕೆ. ಅಲ್ಲಿ 'ಇವೆ' ಅಂದರೆ ನೀನು, 'ಇನು' ಅಂದರೆ ನೀವು. ಹಿರಿಯರಿಗೆ, ಹೊಸಬರಿಗೆ ಬಹುವಚನ. ನನ್ನ ಜೊತೆ ತರಬೇತಿಗೆ ಬಂದಿದ್ದ ಇಂಗ್ಲೆಂಡಿನ ಹುಡುಗಿ ಇದನ್ನು ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದಳು. ನನಗೆ ಪಾಠ ಬೇಕಾಗಲಿಲ್ಲ. ಯಾರಿಗೆ ಯಾವಾಗ ನೀವು ಅನ್ನಬೇಕು ಅಂತ ನಾಲಿಗೆಗೆ ಮೊದಲೇ ಗೊತ್ತಿತ್ತು.

ಆ ಊರಿನಲ್ಲಿ ಬೆಳಿಗ್ಗೆ ಎದ್ದರೆ ಮೊದಲ ಮಾತು "ಮ್ವಾಜುಕಾ ಬ್ವಾಂಜಿ?" ಹೇಗೆ ಎದ್ದಿರಿ? ಮಧ್ಯಾಹ್ನದ ಮೇಲೆ "ಮ್ವಾಸ್ವೇರಾ ಬ್ವಾಂಜಿ?" ಹೊತ್ತು ಹೇಗೆ ಕಳೆಯಿತು? ಇದಕ್ಕೆ ನಿಂತು ಉತ್ತರ ಕೊಡಬೇಕು, ತಿರುಗಿ ಕೇಳಬೇಕು. ಮನೆಯಿಂದ ಬೋರಿಗೆ 300 ಹೆಜ್ಜೆ. ಆದರೆ ತಲುಪಲು ಅರ್ಧ ಗಂಟೆ. ಮೊದಲ ವಾರಗಳಲ್ಲಿ ನಾನು ನಡೆಯುತ್ತಲೇ ಉತ್ತರ ಹೇಳಿ ಮುಂದೆ ಹೋಗುತ್ತಿದ್ದೆ. ಕೆಲಸ ಇತ್ತಲ್ಲ.

ಇನ್ನೊಂದು ವಿಷಯ ನಾನು ಹೋಗುವ ಮೊದಲು ಯೋಚಿಸಿರಲೇ ಇಲ್ಲ. ಅಲ್ಲಿ ಬಿಳಿಯರಿಗೆ ಒಂದು ಹೆಸರಿದೆ, ಅಜುಂಗು. ಇಂಡಿಯಾದವರಿಗೆ ಬೇರೆ ಹೆಸರು, ಅಮ್ವೇನ್ಯೆ. ಆ ಹೆಸರಿಗೆ ಮೊದಲೇ ಒಂದು ಮುಖ ಇದೆ. ಅದು ಅಂಗಡಿಯವನ ಮುಖ. ಬ್ರಿಟಿಷರ ಕಾಲದಿಂದ ಗುಜರಾತಿನ ಕಡೆಯ ವ್ಯಾಪಾರಿಗಳು ಮಲಾವಿಯ ಹಳ್ಳಿ ಹಳ್ಳಿಗಳಲ್ಲಿ ಅಂಗಡಿ ಇಟ್ಟಿದ್ದರು. 1970ರ ದಶಕದಲ್ಲಿ ಆಗಿನ ಅಧ್ಯಕ್ಷ ಬಾಂಡಾ ಅವರ ಸರ್ಕಾರ ಅವರನ್ನು ಹಳ್ಳಿಗಳಿಂದ ಎಬ್ಬಿಸಿ ದೊಡ್ಡ ಪಟ್ಟಣಗಳಲ್ಲಿ ಮಾತ್ರ ವ್ಯಾಪಾರ ಮಾಡಿ ಅಂದಿತು. ನಮ್ಮ ಸಂತೆ ಜಾಗದಲ್ಲಿ ಅಂಥ ಒಂದು ಕಟ್ಟಡ ಇನ್ನೂ ಇತ್ತು. ಉದ್ದನೆಯ ಜಗಲಿ, ಸಾಲಾಗಿ ಕಂಬಗಳು, ಅರ್ಧ ಹಾರಿಹೋದ ತಗಡಿನ ಮಾಡು. ಶಿರಾದ ಹಳೇ ಪೇಟೆಯ ಅಂಗಡಿಗಳ ಹಾಗೇ ಕಾಣುತ್ತಿತ್ತು.

ಅಗೋಗೊ ಗಂಡ ಆ ಜಗಲಿಯ ಮೇಲೆ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದರಂತೆ. ಒಳಗೆ ಬಟ್ಟೆ ಕೊಂಡವರು ಹೊರಗೆ ಹೊಲಿಸಿಕೊಂಡು ಹೋಗುತ್ತಿದ್ದರು. "ಒಂದು ದಿನ ಲಾರಿ ಬಂತು," ಅಂದರು ಅಗೋಗೊ. "ಅವರು ಸಾಮಾನು ತುಂಬಿಕೊಂಡು ಹೋದರು. ಅವರ ಮಕ್ಕಳಿಗೆ ಚಿಚೇವಾ ಚೆನ್ನಾಗಿ ಬರ್ತಿತ್ತು. ಇಲ್ಲೇ ಹುಟ್ಟಿದ ಮಕ್ಕಳು. ಆಮೇಲೆ ಒಂದು ಮಾತೂ ಬರಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ನೀವು ಯಾವಾಗ ಹೋಗ್ತೀರಿ?"

ನಾನು ತಾರೀಖು ಹೇಳಿದೆ. 2019ರ ಜುಲೈ 20. ಟಿಕೆಟ್ ಆಗಿತ್ತು. ಅವರು ತಲೆಯಾಡಿಸಿ ಕಡಲೆಕಾಯಿ ಸುಲಿಯತೊಡಗಿದರು. ಆ ಪ್ರಶ್ನೆಗೆ ತಾರೀಖು ಉತ್ತರ ಆಗಿರಲಿಲ್ಲ ಅಂತ ಈಗ ಗೊತ್ತಾಗುತ್ತದೆ. ನೀನೂ ಮಾತಿಲ್ಲದೆ ಹೋಗುವವಳಾ ಅಂತ ಅವರು ಕೇಳಿದ್ದು.

ಅಕ್ಟೋಬರ್ ಅಲ್ಲಿ ಅತಿ ಬಿಸಿಲಿನ ತಿಂಗಳು. ಮಳೆ ನವೆಂಬರ್ ಮುಗಿಯುವ ಹೊತ್ತಿಗೆ ಬರಬೇಕು. ಆ ಅಕ್ಟೋಬರ್ ಕೊನೆಯ ವಾರ ನಮ್ಮೂರಿನ ಬೋರನ್ನೇ ಬಿಚ್ಚಿ ತೋರಿಸುವ ತರಬೇತಿ ಇಟ್ಟುಕೊಂಡಿದ್ದೆ. ಸಮಿತಿಯವರು ಮನೆಗೆ ತಿಂಗಳಿಗೆ 100 ಕ್ವಾಚಾದಂತೆ, ಆಗ ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ರೂಪಾಯಿ, ಕೂಡಿಸಿ ಹೊಸ ಸೀಲು ತಂದಿದ್ದರು. ಬೆಳಿಗ್ಗೆ ಆರಕ್ಕೆ ಐದು ಜನ ಹೆಂಗಸರು ಬಂದರು. ಮೇಲಿನ ಮುಚ್ಚಳ ತೆಗೆದು, ಹಿಡಿ ಬಿಚ್ಚಿ, ರಾಡುಗಳನ್ನು ಎಳೆಯತೊಡಗಿದೆವು.

ಆಗ ಒಬ್ಬ ಹುಡುಗಿ ಓಡಿ ಬಂದಳು. "ಮಾಲಿರೊ," ಅಂದಳು.

ಆ ಪದ ನನಗೆ ಗೊತ್ತಿತ್ತು. ಸಾವು, ಸಾವಿನ ಮನೆ, ಅಂತ್ಯಸಂಸ್ಕಾರ ಎಲ್ಲಕ್ಕೂ ಅದೇ ಪದ. ಊರಿನ ಆ ತುದಿಯಲ್ಲಿ ಒಬ್ಬರು ರಾತ್ರಿ ತೀರಿಕೊಂಡಿದ್ದರು. ಹೆಂಗಸರು ಎದ್ದು ನಿಂತು, ಸೊಂಟದ ಚಿತೆಂಜೆ ಬಟ್ಟೆ ಸರಿಮಾಡಿಕೊಂಡರು. ರಾಡುಗಳನ್ನು ವಾಪಸ್ ಇಳಿಸಿ ಮುಚ್ಚೋಣ ಅಂದಳು ಸಮಿತಿಯ ಅಧ್ಯಕ್ಷೆ. ನಾನು ಅಂದೆ, "ಅರ್ಧ ಗಂಟೆ ಕೆಲಸ ಅಷ್ಟೇ. ಬಿಚ್ಚಿದ್ದೂ ಆಗಿದೆ. ಸೀಲು ಹಾಕಿ ಮುಚ್ಚಿಬಿಡ್ತೀನಿ. ನೀವು ಹೋಗಿರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು.

ಆ ಕೆಲಸಕ್ಕೆ ಕಡಿಮೆ ಅಂದರೂ ಇಬ್ಬರು ಬೇಕು. ಒಬ್ಬರು ಕೆಳಗಿನ ರಾಡಿನ ತೂಕ ಹಿಡಿದುಕೊಂಡರೆ ಇನ್ನೊಬ್ಬರು ಮೇಲಿನದನ್ನು ಸಿಕ್ಕಿಸಬೇಕು. ತರಬೇತಿಯಲ್ಲಿ ನಾನು ಹೇಳುತ್ತಿದ್ದ ಮೊದಲ ಮಾತೇ ಅದು. ಹತ್ತು ವರ್ಷದ ಒಬ್ಬ ಹುಡುಗನನ್ನು ಹಿಡಿಯಲು ಹೇಳಿದೆ. ಸೀಲು ಹಾಕಿದ್ದಾಯಿತು. ಇಳಿಸುವಾಗ ಬೆವರಿಗೆ ನನ್ನ ಕೈಯೇ ಜಾರಿತು. ರಾಡುಗಳು ಪೈಪಿಗೆ ತಾಗುತ್ತಾ, ಸದ್ದು ಮಾಡುತ್ತಾ, ನೀರಿನ ತಳಕ್ಕೆ ಹೋದವು. ಮೇಲೆ ಎಳೆಯುವ ಕೊಕ್ಕೆ ಊರಿನಲ್ಲಿ ಇರಲಿಲ್ಲ. ಅದು ಸಂತೆ ಊರಿನ ಮೆಕ್ಯಾನಿಕ್ ಹತ್ತಿರ ಇತ್ತು. ಅವನು ಬಂದದ್ದು ಮರುದಿನ ಮಧ್ಯಾಹ್ನ.

ಸಾವಿನ ಮನೆಗೆ ಎಷ್ಟು ನೀರು ಬೇಕು ಅಂತ ಯೋಚನೆ ಮಾಡಿ. ಹೆಣಕ್ಕೆ ಸ್ನಾನ. ಸುತ್ತಲಿನ ಹತ್ತಾರು ಊರಿನಿಂದ ಬರುವ ನೂರಾರು ಜನಕ್ಕೆ ಕುಡಿಯಲು. ಅವರಿಗೆಲ್ಲ ಅಡುಗೆ. ಊರಿನ ಬೋರು ನಿಂತಿತ್ತು, ನಿಲ್ಲಿಸಿದವಳು ನಾನು. ಹೆಂಗಸರು ತಗ್ಗಿನ ಜೌಗು ನೆಲದ ಹಳೇ ಬಾವಿಗೆ ಸಾಲಾಗಿ ಹೊರಟರು. ಅಕ್ಟೋಬರಿನಲ್ಲಿ ಅದರಲ್ಲಿ ನೀರು ತಳ ಹಿಡಿದಿರುತ್ತದೆ. ಲೋಟದಲ್ಲಿ ಮೊಗೆದು ಬಕೆಟ್ ತುಂಬಿಸಬೇಕು. ನಾನೂ ಹೋದೆ. ಬಟ್ಟೆ ಸುತ್ತಿ ಸಿಂಬೆ ಮಾಡಿ ತಲೆ ಮೇಲೆ ಇಟ್ಟುಕೊಂಡೆ. ನಮ್ಮ ಸಿಂಬೆಗೆ ಅವರು ನ್ಖಾತಾ ಅನ್ನುತ್ತಾರೆ. ಅವತ್ತು ಐದು ಸಲ ಹೊತ್ತೆ. ಬಾಲ್ಯದ ಮೇಲೆ ಅಷ್ಟು ನೀರು ನಾನು ಹೊತ್ತಿರಲಿಲ್ಲ.

ಯಾರೂ ಬೈಯಲಿಲ್ಲ. ಕತ್ತು ಹಿಡಿದುಕೊಂಡು ನಿಂತಿದ್ದ ನನ್ನನ್ನು ನೋಡಿ ಒಬ್ಬಾಕೆ "ಪೆಪಾನಿ" ಅಂದಳು. ಕ್ಷಮಿಸಿ ಅನ್ನುವುದಕ್ಕೂ ಅದೇ ಪದ. ಯಾರಾದರೂ ಎಡವಿದರೆ, ನೊಂದರೆ, ಅಯ್ಯೋ ಪಾಪ ಅನ್ನುವುದಕ್ಕೂ ಅದೇ ಪದ. ನಾನು ಅವಳಿಗೆ ಹೇಳಬೇಕಾದ ಮಾತನ್ನು ಅವಳು ನನಗೆ ಹೇಳಿದ್ದಳು. ಆ ರಾತ್ರಿ ನಾನು ತುಂಬಾ ಅತ್ತೆ. ನಮ್ಮ ಮನೆಯಲ್ಲಿ ಅಪ್ಪ ಹೋದ ದಿನ ನೆನಪಾಯಿತು. ನಮ್ಮ ಕಡೆ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಲ್ವಾ. ಅಕ್ಕಪಕ್ಕದವರು ಮಾಡಿ ತಂದ ಅನ್ನ, ಕಾಫಿ. ಯಾರು ತಂದರು ಅಂತ ಕೂಡ ನಾವು ನೋಡಿರಲಿಲ್ಲ. ಅವತ್ತು ಯಾರಾದರೂ ಬಂದು "ಅರ್ಧ ಗಂಟೆ ಕೆಲಸ" ಅಂದಿದ್ದರೆ?

ರಾಡು ಎತ್ತಲು ಬಂದ ಮೆಕ್ಯಾನಿಕ್ ಬಗ್ಗೆ ಹೇಳಲೇಬೇಕು. ಅವನು ಸಂತೆ ಊರಿನ ಅಳಿಯ. ಅಲ್ಲಿ ವಂಶ ತಾಯಿಯ ಕಡೆಯಿಂದ ನಡೆಯುತ್ತದೆ. ಹೊಲ ಹೆಣ್ಣುಮಕ್ಕಳದು. ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಬಂದು ಇರುತ್ತಾನೆ. ಅವನನ್ನು ಮ್ಕಾಮ್ವಿನಿ ಅನ್ನುತ್ತಾರೆ. ಮನೆಯ ದೊಡ್ಡ ತೀರ್ಮಾನ ಹೆಂಡತಿಯ ಅಣ್ಣನದೋ ಸೋದರಮಾವನದೋ. ಕರಾವಳಿಯ ಅಳಿಯಸಂತಾನ ಗೊತ್ತಿರುವವರಿಗೆ ಇದು ತೀರಾ ಹೊಸದು ಅನ್ನಿಸಲಿಕ್ಕಿಲ್ಲ.

ಕೊಕ್ಕೆ ಕಟ್ಟಿ ಇಳಿಸುತ್ತಾ ಅವನು ಹೇಳಿದ, "ನಾನು ಆ ಊರಿಗೆ ಬಂದು 14 ವರ್ಷ. ನಾವಿರುವ ಮನೆ ಇಟ್ಟಿಗೆ ಸುಟ್ಟು ಕಟ್ಟಿದವನು ನಾನು. ಆದರೂ ನಾನು ಹೊರಗಿನವನೇ. ನಾಳೆ ನನ್ನ ಹೆಂಡತಿ ತೀರಿಕೊಂಡರೆ ನಾನು ನಮ್ಮಮ್ಮನ ಊರಿಗೆ ವಾಪಸ್ ಹೋಗಬೇಕು."

"ಬೇಜಾರಾಗಲ್ವಾ?" ಅಂದೆ.

"ಮೊದಲ ವರ್ಷ ಆಗ್ತಿತ್ತು. ಆಮೇಲೆ ಒಂದು ಗೊತ್ತಾಯ್ತು. ಮದುವೆಗೆ ಲೇಟಾಗಿ ಹೋದರೂ ನಡೆಯುತ್ತೆ. ಮಾಲಿರೊಗೆ ಮಾತ್ರ ಮೊದಲು ಹೋಗಬೇಕು. ಸೌದೆ ಒಡೆಯಬೇಕು. ಯಾರು ಬಂದರು, ಯಾರು ಬರಲಿಲ್ಲ ಅಂತ ಊರು ನೋಡುತ್ತೆ. ಊರಿನವರು ಬರದೇ ಇದ್ದರೆ ಜಗಳ ಆಡ್ತಾರೆ. ಹೊರಗಿನವನು ಬರದೇ ಇದ್ದರೆ ಜಗಳ ಕೂಡ ಆಡಲ್ಲ."

ಜಗಳ ಕೂಡ ಆಡಲ್ಲ. ನನಗೆ ಯಾರೂ ಬೈಯದೇ ಇದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು. ಕರುಣೆ ಇತ್ತು, ನಿಜ. ಆದರೆ ನಾನು ಇನ್ನೂ ಬೈಸಿಕೊಳ್ಳುವಷ್ಟು ಅವರವಳಾಗಿರಲಿಲ್ಲ.

ಅವತ್ತು ನನಗೆ ಅಮ್ಮನ ನೆನಪು ತುಂಬಾ ಬಂತು. ನಮ್ಮೂರಿನಲ್ಲಿ ಯಾವ ಮನೆಯಲ್ಲಿ ಸಾವಾದರೂ ಅಮ್ಮ ಮೊದಲು ಹೋಗಿ ಕೂರುತ್ತಿದ್ದಳು. ಸೆರಗು ಬಾಯಿಗೆ ಹಿಡಿದು, ರಾತ್ರಿಯೆಲ್ಲ. ನಾನು ಎಷ್ಟೋ ಸಲ ಸಿಟ್ಟು ಮಾಡಿದ್ದೆ. "ಅವರು ನಮಗೆ ಏನಾಗಬೇಕು? ನಾಳೆ ನನಗೆ ಪರೀಕ್ಷೆ ಇದೆ, ಅಡುಗೆ ಯಾರು ಮಾಡ್ತಾರೆ?" ಅವಳು ಒಂದು ದಿನವೂ ಉತ್ತರ ಕೊಟ್ಟಿರಲಿಲ್ಲ. ಸುಮ್ನೆ ಹೋಗುತ್ತಿದ್ದಳು. ಅವಳೂ ಒಬ್ಬ ಮ್ಕಾಮ್ವಿನಿಯೇ. ನಮ್ಮ ಕಡೆಯ ಹೆಂಗಸರೆಲ್ಲ ಹಾಗೇ ಅಲ್ವಾ?

ಅಲ್ಲಿಂದ ನಾನು ನನ್ನ ತರಬೇತಿಯ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದೆ. ದಿನ ಗೊತ್ತು ಮಾಡುವುದನ್ನು ಸಮಿತಿಗೆ ಬಿಟ್ಟೆ. ಕೆಲಸ ನಿಧಾನವಾಯಿತು. ಲಿಲಾಂಗ್ವೆಗೆ ಕಳಿಸುವ ವರದಿಯಲ್ಲಿ ಸಂಖ್ಯೆ ಕಡಿಮೆಯಾಯಿತು. ಅದರ ಬಗ್ಗೆ ಫೋನ್ ಬಂದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಳ್ಳಿಗೆ ಸ್ವಯಂಸೇವಕರನ್ನು ಕಳಿಸುವವರು ಹನ್ನೊಂದು ತಿಂಗಳಿಗೆ ಇಷ್ಟು ಪಂಪು, ಇಷ್ಟು ತರಬೇತಿ ಅಂತ ಲೆಕ್ಕ ಇಡುತ್ತಾರೆ. ಸಾವಿನ ಮನೆಯಲ್ಲಿ ಕಳೆದ ದಿನಗಳಿಗೆ ಅದರಲ್ಲಿ ಜಾಗ ಇಲ್ಲ. ಇರಬೇಕು ಅಂತ ನಾನು ನಂಬುತ್ತೇನೆ.

ಡಿಸೆಂಬರಿನಲ್ಲಿ ಮಾವಿನಹಣ್ಣು. ಜನವರಿ, ಫೆಬ್ರವರಿ ಹಸಿವಿನ ತಿಂಗಳುಗಳು. ಹೊಲದಲ್ಲಿ ಜೋಳ ಎದೆಯೆತ್ತರ ನಿಂತಿರುತ್ತದೆ, ಆದರೆ ತೆನೆ ಇನ್ನೂ ಕಟ್ಟಿರುವುದಿಲ್ಲ. ಜೋಳ ಅಂದರೆ ಅಲ್ಲಿ ಮೆಕ್ಕೆಜೋಳ. ಮನೆಯ ಹಿಂದಿನ ಕಣಜ ಖಾಲಿ. ಹೆಣೆದ ಬುಟ್ಟಿಯಂತಿರುವ ಆ ಕಣಜಕ್ಕೆ ನ್ಖೋಕ್ವೆ ಅನ್ನುತ್ತಾರೆ. ಊಟ ದಿನಕ್ಕೊಂದು ಹೊತ್ತಾಗುತ್ತದೆ. ಅಂಥ ಫೆಬ್ರವರಿಯಲ್ಲಿ ಊರಿನಲ್ಲಿ ಮತ್ತೊಂದು ಸಾವಾಯಿತು. ತೀರಿಕೊಂಡಿದ್ದು ನೀರಿನ ಸಮಿತಿಯ ಅಧ್ಯಕ್ಷೆಯ ತಾಯಿ.

ಈ ಸಲ ನಾನು ಅಗೋಗೊ ಜೊತೆಗೇ ಹೋದೆ. ಒಂದು ತಟ್ಟೆ ಹಿಟ್ಟು ತೆಗೆದುಕೊಂಡು. ಹಸಿವಿನ ತಿಂಗಳಾದರೂ ಪ್ರತಿ ಮನೆಯಿಂದ ಒಂದು ತಟ್ಟೆ ಹಿಟ್ಟು ಬರುತ್ತಿತ್ತು. ಗಂಡಸರು ಹೊರಗೆ ಮರದ ಕೆಳಗೆ. ಹೆಂಗಸರು ಒಳಗೆ, ಹೆಣದ ಸುತ್ತ, ಚಾಪೆಯ ಮೇಲೆ ಕಾಲು ಚಾಚಿ. ರಾತ್ರಿಯೆಲ್ಲ ಹಾಡು. ಒಬ್ಬರು ಎತ್ತಿಕೊಂಡರೆ ಉಳಿದವರು ಮೂರು ದನಿಯಲ್ಲಿ ಸೇರುತ್ತಿದ್ದರು. ನನಗೆ ಪದ ಬರುತ್ತಿರಲಿಲ್ಲ. ಗುನುಗುತ್ತಾ ಕೂತಿದ್ದೆ. ಪಕ್ಕದವಳ ಮಗು ನನ್ನ ತೊಡೆಯ ಮೇಲೆ ಮಲಗಿತ್ತು.

ಬೆಳಿಗ್ಗೆ ಗುಂಡಿ ತೋಡುವವರು ಸ್ಮಶಾನಕ್ಕೆ ಹೋದರು. ಅವರನ್ನು ಅಜುಕುಲು ಅನ್ನುತ್ತಾರೆ, ಅಂದರೆ ಮೊಮ್ಮಕ್ಕಳು. ಊರಿನ ಸುತ್ತ ಮರ ಎಲ್ಲ ಸೌದೆಗೆ ಹೋಗಿ ಬಯಲಾಗಿದೆ. ಸ್ಮಶಾನದಲ್ಲಿ ಮಾತ್ರ ಯಾರೂ ಕೊಡಲಿ ಹಾಕುವುದಿಲ್ಲ. ದೂರದಿಂದ ದಟ್ಟ ಹಸಿರು ತೋಪು ಕಂಡರೆ ಅಲ್ಲಿ ಹಿರಿಯರು ಮಲಗಿದ್ದಾರೆ ಅಂತ ಅರ್ಥ. ನಮ್ಮ ದೇವರಕಾಡಿನ ಹಾಗೆ.

ಹಿತ್ತಲಲ್ಲಿ ಮೂರು ಕಲ್ಲಿನ ಒಲೆಗಳ ಮೇಲೆ ದೊಡ್ಡ ದೊಡ್ಡ ಪಾತ್ರೆ. ನ್ಸೀಮಾ ಮಾಡುತ್ತಿದ್ದರು. ಅದು ಅವರ ದಿನದ ಊಟ. ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅಂದರೆ ಹತ್ತಿರವಾಗುತ್ತದೆ. ಮೊದಲು ತೆಳ್ಳಗೆ ಗಂಜಿ ಕುದಿಸಿ, ಆಮೇಲೆ ಹಿಟ್ಟು ಹಾಕುತ್ತಾ ಉದ್ದನೆಯ ಮರದ ಕೋಲಿನಿಂದ ತಿರುವಬೇಕು. ನಮ್ಮ ಮುದ್ದೆಯನ್ನು ಅಗಿಯದೆ ನುಂಗುತ್ತೇವೆ. ನ್ಸೀಮಾವನ್ನು ಕೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿಂದ ಗುಳಿ ಒತ್ತಿ, ಅದರಲ್ಲಿ ಸೊಪ್ಪು ತೆಗೆದುಕೊಂಡು ಅಗಿದು ತಿನ್ನುತ್ತಾರೆ. ಕುಂಬಳದ ಎಳೆ ಸೊಪ್ಪಿಗೆ ಕಡಲೆಕಾಯಿ ಪುಡಿ ಹಾಕಿದ ಪಲ್ಯ ಇದ್ದರೆ ಇನ್ನೇನೂ ಬೇಡ.

ಒಬ್ಬಾಕೆ ತಿರುವುತ್ತಾ ಸುಸ್ತಾಗಿ ಕೋಲನ್ನು ಅಂಚಿಗೆ ಒರಗಿಸಿದಳು. ಹಿಟ್ಟು ಕೂಡಿ ಬರುವ ಹೊತ್ತು. ಬಿಟ್ಟರೆ ಗಂಟಾಗುತ್ತದೆ, ತಳ ಹಿಡಿಯುತ್ತದೆ. ಯೋಚನೆ ಮಾಡದೆ ನಾನು ಎದ್ದು ಕೋಲು ಹಿಡಿದೆ. ಕಾಲು ಅಗಲಿಸಿ ನಿಂತು, ಸೊಂಟದಿಂದ ಬಲ ಹಾಕಿ, ಪಾತ್ರೆಯ ಬದಿಗೆ ಒತ್ತಿ ಒತ್ತಿ ಮೇಲಕ್ಕೆ ಮಗುಚಿದೆ. ನಮ್ಮೂರ ಜಾತ್ರೆಯಲ್ಲಿ ಕವೆಗೋಲಿನಿಂದ ಪಾತ್ರೆ ಒತ್ತಿಹಿಡಿದು ಅಮ್ಮ ರಾಗಿ ಹಿಟ್ಟು ತಿರುವುತ್ತಿದ್ದ ಹಾಗೆ. ಹನ್ನೆರಡನೇ ವಯಸ್ಸಿಗೆ ಅವಳು ನನಗೆ ಕಲಿಸಿದ್ದು.

ಹಿತ್ತಲು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಅಗೋಗೊ ಜೋರಾಗಿ ಕೇಳಿದರು, "ಇವೆ, ಇದನ್ನು ಎಲ್ಲಿ ಕಲಿತೆ?"

ಇವೆ. ನೀನು. ಆರು ತಿಂಗಳಿಂದ ಅವರು ನನಗೆ 'ಇನು' ಅನ್ನುತ್ತಿದ್ದರು.

"ನಮ್ಮಮ್ಮ ಕಲಿಸಿದ್ದು, ಅಗೋಗೊ," ಅಂದೆ. "ನಮ್ಮ ಕಡೆ ರಾಗಿಯಲ್ಲಿ ಮಾಡ್ತೀವಿ. ನಿಮ್ಮ ಮಾವೆರೆ."

ಅವರಿಗೆ ಮಾವೆರೆ ಚೆನ್ನಾಗಿ ಗೊತ್ತು. ರಾಗಿಗೆ ಅವರ ಹೆಸರು ಅದು. ಈಗ ಬೆಳೆಯುವುದು ಕಡಿಮೆ, ಪಾನಕದಂಥ ತೋಬ್ವಾ ಮಾಡಲು ಒಂದಿಷ್ಟು ಇಟ್ಟುಕೊಂಡಿರುತ್ತಾರೆ. ಅವರ ಅಜ್ಜಿಯ ಕಾಲದಲ್ಲಿ ನ್ಸೀಮಾವನ್ನೂ ಅದರಲ್ಲೇ ಮಾಡುತ್ತಿದ್ದರಂತೆ. ಮೆಕ್ಕೆಜೋಳ ಅಮೆರಿಕಾದಿಂದ ಬಂದ ಬೆಳೆ, ಆಫ್ರಿಕಾಕ್ಕೆ ಅದು ಹೊಸದು. ರಾಗಿ ಅವರದೇ. ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲದಲ್ಲಿ ಮೊದಲು ಬೆಳೆದು, ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂತು. ನಾವು ನಮ್ಮದು ಅಂತ ಎದೆ ತಟ್ಟಿಕೊಳ್ಳುವ ಮುದ್ದೆಯ ಕಾಳು ಆಫ್ರಿಕಾದ್ದು. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಅಂದು ಹಿತ್ತಲಲ್ಲಿ, ಹೊಗೆಗೆ ಕಣ್ಣು ಉರಿಯುತ್ತಾ ಹೇಳುವಾಗ ಗಂಟಲು ಕಟ್ಟಿತು.

ಅಗೋಗೊ ನನ್ನ ಪಾತ್ರೆಗೆ ಇಣುಕಿ ನೋಡಿ ಹೇಳಿದರು, "ಇನ್ನೂ ಗಂಟಿದೆ. ಚೆನ್ನಾಗಿ ತಿರುವು."

ಅಲ್ಲಿಂದ ಮೇಲೆ ನಾನು ದಿನಾ ಬೈಸಿಕೊಂಡೆ. ನಿಂತು ಮಾತಾಡಿಸದೆ ಹೋದರೆ ಬೈಗುಳ. ಮಳೆಯಲ್ಲಿ ನೆನೆದು ಬಂದರೆ ಬೈಗುಳ. ಬಕೆಟ್ಟು ತುಂಬಿ ತುಳುಕಿಸಿದರೆ ಬೋರಿನ ಹತ್ತಿರ ಹದಿನಾರರ ಹುಡುಗಿ ಕೂಡ ಬೈಯುತ್ತಿದ್ದಳು. ನನ್ನ ಕತ್ತಿಯ ಗಾದೆಗೆ ಬದಲಾಗಿ ಅಗೋಗೊ ಇನ್ನೊಂದು ಕಲಿಸಿದರು. "ಕಾಲಿ ಕೋಖಾ ನ್ಕಾನ್ಯಾಮಾ, ತಿಲಿ ತಿವಿರಿ ನ್ತಿಯಾಂತು." ಒಂಟಿಯಾಗಿರುವುದು ಪ್ರಾಣಿ, ಇಬ್ಬರಾದರೆ ಮನುಷ್ಯರು. ರಾಡು ಇಳಿಸುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಆಮೇಲೆ ನಡೆದ ತರಬೇತಿಗಳನ್ನೆಲ್ಲ ನಾನು ಅದನ್ನು ಹೇಳಿಯೇ ಶುರು ಮಾಡಿದೆ.

ಮಾರ್ಚ್‌ನಲ್ಲಿ ಇಡಾಯ್ ಚಂಡಮಾರುತದ ಮಳೆ ದೇಶದ ದಕ್ಷಿಣವನ್ನು ಮುಳುಗಿಸಿತು. ಏಪ್ರಿಲ್‌ನಲ್ಲಿ ಕಟಾವು. ಮೇ 21ಕ್ಕೆ ಚುನಾವಣೆ. ಜುಲೈ ಬಂದೇಬಿಟ್ಟಿತು.

ಅಲ್ಲಿ ಹೋಗುವವರು "ತ್ಸಾಲಾನಿ ಬ್ವಿನೊ" ಅನ್ನುತ್ತಾರೆ, ಚೆನ್ನಾಗಿ ಇರಿ. ಇರುವವರು "ಪಿತಾನಿ ಬ್ವಿನೊ" ಅನ್ನುತ್ತಾರೆ, ಚೆನ್ನಾಗಿ ಹೋಗಿ. ನಾನು ನಮ್ಮ ಭಾಷೆಯಲ್ಲಿ ಏನು ಹೇಳುತ್ತೇವೆ ಅಂತ ಅಗೋಗೊಗೆ ಹೇಳಿದೆ. "ನಾವು ಹೋಗ್ತೀನಿ ಅನ್ನಲ್ಲ. ಹೋಗಿ ಬರ್ತೀನಿ ಅಂತೀವಿ." ಅವರು ಅದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಒಂದು ಚಿಕ್ಕ ಗಂಟು ಕೊಟ್ಟರು. ಮಾವೆರೆ. ಅಮ್ಮನಿಗೆ ಅಂತ.

ಅಮ್ಮ ಅದನ್ನು ಅಂಗೈಯಲ್ಲಿ ಹರಡಿಕೊಂಡು ಬೆಳಕಿಗೆ ಹಿಡಿದು ನೋಡಿದಳು. "ನಮ್ಮದಕ್ಕಿಂತ ಕಾಳು ಸಣ್ಣ," ಅಂದಳು. ಬೀಸಲಿಲ್ಲ. ಅರ್ಧ ಹಿತ್ತಲಲ್ಲಿ ಬಿತ್ತಿದಳು.

ಈಗ ನಾನು ಬೆಂಗಳೂರಿನಲ್ಲಿದ್ದೇನೆ. ಎದುರು ಮನೆಯವರ ಹೆಸರು ನನಗೆ ಗೊತ್ತಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಮಲಾವಿಯ ಊರಿನಿಂದ ಆಗಾಗ ವಾಟ್ಸಾಪ್ ಬರುತ್ತಿತ್ತು. ಮೆಕ್ಯಾನಿಕ್ ಫೋನಿನಿಂದ. ಬೋರಿನ ಸೀಲನ್ನು ಹೆಂಗಸರೇ ಎರಡು ಸಲ ಬದಲಾಯಿಸಿದ್ದಾರೆ. ರಾಡು ಕೈತಪ್ಪಿಲ್ಲ.

ಹೋದ ವರ್ಷ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಫೋನ್ ಸದ್ದಾಯಿತು. ಒಂದೇ ಸಾಲು. ಅಗೋಗೊ ರಾತ್ರಿ ತೀರಿಕೊಂಡರು, ಮಣ್ಣು ಮಾಡುವುದು ನಾಳೆ.

ನಮ್ಮ ಕಡೆ ಸಾವಿನ ಸುದ್ದಿಯನ್ನು ಎಲ್ಲರಿಗೂ ಕಳಿಸುವುದಿಲ್ಲ. ಯಾರಿಗೆ ಮುಟ್ಟಿಸಬೇಕು ಅಂತ ಮನೆಯವರು ಕೂತು ಲೆಕ್ಕ ಹಾಕುತ್ತಾರೆ. ಆ ಬೆಳಿಗ್ಗೆ ಆ ಊರಿನಲ್ಲೂ ಯಾರೋ ಕೂತು ಲೆಕ್ಕ ಹಾಕಿ, ಇವಳಿಗೂ ತಿಳಿಸಬೇಕು ಅಂದಿದ್ದರು. ನಾನು ಫೋನ್ ಹಿಡಿದು ಜಗಲಿಯ ಮೇಲೆ ಹಾಗೇ ಕೂತಿದ್ದೆ.

ಅಮ್ಮ ರಂಗೋಲಿ ಮುಗಿಸಿ ಬಂದಳು. ಮುಖ ನೋಡಿ, "ಯಾರು?" ಅಂದಳು.

ಹೇಳಿದೆ.

"ನಿನಗೆ ಏನಾಗಬೇಕು ಅವರು?"

"ಅಜ್ಜಿ," ಅಂದೆ.

ಅಮ್ಮ ಎರಡನೇ ಮಾತು ಕೇಳಲಿಲ್ಲ. ಒಳಗೆ ಹೋಗಿ ಹಂಡೆಯ ನೀರಿಗೆ ಕೈ ಅದ್ದಿ ನೋಡಿದಳು. ಒಂದು ಬಿಂದಿಗೆ ತುಂಬಿ ಬಚ್ಚಲಿಗೆ ಇಟ್ಟು ಕರೆದಳು.

"ಬಾ. ತಲೆ ಮೇಲೆ ನೀರು ಹಾಕ್ಕೊ."